ಕಲ್ಲು ಕಟ್ಟಿ ಒಣಗಿಸಿದ ಟೇಪು

ನಮ್ಮ ಚೈತ್ರ ಜಿಲ್ಲೆಗೆ ಹೋಗ್ತಾಳೆ! ಉದ್ದ ಜಿಗಿತದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿಗೆ ಮೊದಲು ಬಂದಿದ್ದಾಳೆ. ನಾಲ್ಕು ಮೀಟರು ನಲವತ್ತಾರು. ನನ್ನ ಮಗನ ಮಗಳು, ಏಳನೇ ಕ್ಲಾಸು. ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದವಳೇ ಹೂವಿನವಳಿಗೆ ಹೇಳಿದೆ, ಕಬ್ಬಿನಹಾಲಿನ ಅಂಗಡಿಯವನಿಗೆ ಹೇಳಿದೆ, ಗುರುತೇ ಇಲ್ಲದ ಕಂಡಕ್ಟರಿಗೂ ಹೇಳಿದೆ. "ಅಮ್ಮಾ, ಇನ್ನು ನಮ್ಮನೆ ನಾಯಿಗೊಂದು ಹೇಳೋದು ಬಾಕಿ" ಅಂದ ಬಸ್ ಸ್ಟ್ಯಾಂಡಿಗೆ ಕರೆಯಲಿಕ್ಕೆ ಬಂದಿದ್ದ ಮಗ. ಮನೆಗೆ ಬಂದು ನಾಯಿಗೂ ಹೇಳಿದೆ, ಸುಳ್ಳಲ್ಲ.

ಹೇಳಲೇಬೇಕಾಗಿದ್ದ ಒಬ್ಬರಿಗೆ ಮಾತ್ರ ಹೇಳಲಿಕ್ಕೆ ಆಗಲಿಲ್ಲ. ನನ್ನ ಶಾಲೆಯ ಡ್ರಿಲ್ ಮೇಷ್ಟ್ರು ಈ ಸಲದ ಮಳೆಗಾಲ ಹಿಡಿಯುವ ಮುಂಚೆ ತೀರಿಕೊಂಡರು. ಹೊಟ್ಟೆಯೊಳಗೆ ಇಷ್ಟೊಂದು ಖುಷಿ ತುಂಬಿಕೊಂಡು ಸುಮ್ಮನೆ ಕೂರಲಿಕ್ಕೆ ಆಗುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ದಿನಸಿ ಚೀಟಿ ಬಿಟ್ಟರೆ ಬೇರೇನೂ ಬರೆದವಳಲ್ಲ. ಮೇಷ್ಟ್ರ ಹೆಸರು ಹಾಕುವುದಿಲ್ಲ. ಅವರು ಆಟದ ಫಲಿತಾಂಶ ಬರೆದಿಡುತ್ತಿದ್ದ ಪುಸ್ತಕಗಳಲ್ಲಿ ಸಾವಿರಗಟ್ಟಲೆ ಹೆಸರಿತ್ತು, ಅವರದೊಂದು ಬಿಟ್ಟು. ಹಾಗೇ ಇರಲಿ.

ಅವರು ನಮ್ಮ ಶಾಲೆಗೆ ಬಂದಾಗ ಇನ್ನೂ ಹುಡುಗರ ಹಾಗೇ ಇದ್ದರು. ತೆಳ್ಳಗೆ, ಉದ್ದಕ್ಕೆ, ಖಾಕಿ ಚಡ್ಡಿ. ಮೊಣಕಾಲಿನ ಚಿಪ್ಪು ದೂರದಿಂದಲೇ ಕಾಣುತ್ತಿತ್ತು. ಕುತ್ತಿಗೆಯಲ್ಲಿ ಬೂಟಿನ ದಾರಕ್ಕೆ ಕಟ್ಟಿದ ಒಂದು ಸೀಟಿ. ಅದರೊಳಗಿನ ಗುಂಡು ಯಾವಾಗಲೋ ಬಿದ್ದುಹೋಗಿತ್ತು, ಊದಿದರೆ ಬರೀ ಫುಸ್ ಅನ್ನುತ್ತಿತ್ತು. ಆದರೂ ಊದುವುದು ಬಿಡಲಿಲ್ಲ. ಫುಸ್ ಅಂದ ಮೇಲೆ ಚಪ್ಪಾಳೆ ತಟ್ಟಿ ನಮ್ಮನ್ನು ಓಡಿಸುವುದು. ನಾವು ಹುಡುಗಿಯರು ಲಂಗ ಎತ್ತಿಕಟ್ಟಿಕೊಂಡು ಓಡುವಾಗ ಅವರು ನಮ್ಮ ಕಡೆ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಗಡಿಯಾರವನ್ನೇ ನೋಡುತ್ತಿದ್ದರು. ಅದಕ್ಕೇ ಊರಿನ ಅಮ್ಮಂದಿರಿಗೆ ಅವರ ಮೇಲೆ ನಂಬಿಕೆ.

ಇನ್ನು ಆ ಪುಸ್ತಕ. ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಪುಸ್ತಕ, ಒದ್ದೆಯಾಗಬಾರದು ಅಂತ ಗೊಬ್ಬರದ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿರುತ್ತಿತ್ತು. ಒಂದು ತುಂಬಿದರೆ ಇನ್ನೊಂದು. ಶಾಲೆಯದು ಮಾತ್ರ ಅಲ್ಲ. ಭಾನುವಾರ ಬಂತೆಂದರೆ ಬಸ್ಸು ಹತ್ತುವುದು, ಎಲ್ಲಿ ಆಟ ಇದೆಯೋ ಅಲ್ಲಿ. ಆಗುಂಬೆ ಕಡೆ ಓಟ, ಸಾಗರದಲ್ಲಿ ವಾಲಿಬಾಲು, ಕೊಯ್ಲಾದ ಗದ್ದೆಯಲ್ಲಿ ಕಬಡ್ಡಿ. ಯಾರೂ ಕರೆದಿರುವುದಿಲ್ಲ, ಯಾರೂ ಬೇಡ ಅನ್ನುವುದೂ ಇಲ್ಲ. "ಆಟದ ಶಾನುಭೋಗ್ರು ಬಂದ್ರು, ಇನ್ನು ಶುರು ಮಾಡ್ರಪ್ಪಾ" ಅಂತ ಗಂಡಸರು ತಮಾಷೆ ಮಾಡುವರು. ಅವರಿಗೆ ಅದರಲ್ಲಿ ಬೇಜಾರಿಲ್ಲ, ಒಳಗೊಳಗೇ ಸಂತೋಷ.

ಗೆದ್ದವರದ್ದು ಒಂದೇ ಬರೆದರೆ ಸಾಕಲ್ಲ ಸಾರ್ ಅಂತ ನಾನೇ ಒಂದು ದಿನ ಕೇಳಿದ್ದೆ. "ಗೆದ್ದವನ ಹೆಸರು ಊರಿಗೇ ಗೊತ್ತಿರ್ತದೆ. ಕೊನೆಗೆ ಬಂದವನಿಗೆ ನಾನು ಬಿಟ್ರೆ ಯಾರಿದಾರೆ ಮಾರಾಯ್ತಿ?" ಅಂದಿದ್ದರು. ಅದನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದರು ಅಂದರೆ, ಒಂದು ಸಲ ಮೇಷ್ಟ್ರುಗಳಿಗೇ ಬಿರುಸು ನಡಿಗೆಯ ಪಂದ್ಯ ಇಟ್ಟರು. ನಮ್ಮ ಹೆಡ್‌ಮಾಸ್ಟರು ದಪ್ಪ ಆಸಾಮಿ. ಅರ್ಧ ದಾರಿಗೆ ಸುಸ್ತಾಗಿ ಹೋಟೆಲಿಗೆ ನುಗ್ಗಿ ಚಹಾ ಕುಡಿಯುತ್ತಾ ಕೂತುಬಿಟ್ಟರು. ಎಲ್ಲರೂ ಮುಗಿಸಿ ಮನೆಗೆ ಹೋದರು. ನಮ್ಮ ಮೇಷ್ಟ್ರು ಗಡಿಯಾರ ಹಿಡಿದು ಗೆರೆಯ ಮೇಲೆ ನಿಂತೇ ಇದ್ದಾರೆ! ಕಡೆಗೆ ಹೋಟೆಲಿಗೇ ಹೋಗಿ, "ಸಾರ್, ತಾವಿನ್ನೂ ಮುಗಿಸಿಲ್ಲ" ಅಂದರಂತೆ. ಹೆಡ್‌ಮಾಸ್ಟರು ಬೈಯುತ್ತಾ ಬಂದು ಗೆರೆ ದಾಟಿದರು. ಪುಸ್ತಕದಲ್ಲಿ ಬರೆದದ್ದು ಹೀಗೆ: ಚಹಾ ಸೇರಿ ನಲವತ್ತೊಂದು ನಿಮಿಷ.

ಉದ್ದ ಜಿಗಿತ ಅಂದರೆ ಅವರಿಗೆ ಪ್ರಾಣ. ಕಾಲೂರಿ ಹಾರುವ ಹಲಗೆಯಿಂದ ಹಿಂದಕ್ಕೆ ಹೆಜ್ಜೆ ಎಣಿಸಿ, ಓಟ ಶುರು ಮಾಡುವ ಜಾಗದಲ್ಲಿ ಒಂದು ಹಸಿ ಎಲೆ ಇಟ್ಟು, ಅದರ ಮೇಲೆ ಪುಟ್ಟ ಕಲ್ಲಿಡಬೇಕು. ಇದು ಅವರು ಕಲಿಸಿದ್ದು. ಹಾರಿದ ಮೇಲೆ ಮರಳಿನ ಗುರುತಿನಲ್ಲಿ ಟೇಪಿನ ತುದಿ ಒಬ್ಬರು ಹಿಡಿಯುವುದು. ಹಾರಿದವರು ಹಲಗೆಯ ಹತ್ತಿರ ಬಂದು ನಿಂತು ಅಂಕಿಯನ್ನು ತಾವೇ ಗಟ್ಟಿಯಾಗಿ ಓದಬೇಕು. "ನಿನ್ನ ಹಾರು, ನೀನೇ ಓದು." ಓದಿದ ಮೇಲೇ ಬರೆಯುವುದು. ಬೇರೆ ಯಾವ ಶಾಲೆಯಲ್ಲೂ ಈ ಪದ್ಧತಿ ಇರಲಿಲ್ಲ. ನನಗೆ ಲೆಕ್ಕದಲ್ಲಿ ದಶಾಂಶ ಅರ್ಥವಾಗಿದ್ದು ಕ್ಲಾಸಿನಲ್ಲಲ್ಲ, ಆ ಮರಳುಗುಂಡಿಯ ಪಕ್ಕದಲ್ಲಿ.

ಟೇಪು ಬಟ್ಟೆಯದು, ಚರ್ಮದ ಡಬ್ಬಿಯೊಳಗೆ ಸುತ್ತುವಂಥದ್ದು. ನಮ್ಮ ಕಡೆ ಶಾಲೆಗಳ ಆಟ ನಡೆಯುವುದೇ ಮಳೆಗಾಲದಲ್ಲಿ. ಟೇಪು ಒದ್ದೆಯಾಗಿ ಬೂಸ್ಟು ಹಿಡಿಯುತ್ತದೆ, ಹಾಗೇ ಒಣಗಿಸಿದರೆ ಸುರುಟಿಕೊಳ್ಳುತ್ತದೆ. ಮೇಷ್ಟ್ರು ಅದನ್ನು ಶಾಲೆಯ ತೊಲೆಗೆ ನೇತುಹಾಕಿ, ನೆಟ್ಟಗಿರಲಿ ಅಂತ ಕೆಳತುದಿಗೆ ಒಂದು ಗುಂಡುಕಲ್ಲು ಕಟ್ಟುತ್ತಿದ್ದರು. ನಾವು ಪಾಠ ಕೇಳುವಾಗ ತಲೆ ಮೇಲೆ ಆ ಕಲ್ಲು ತೂಗುತ್ತಿತ್ತು. ಮಗುವನ್ನು ನೋಡಿಕೊಂಡ ಹಾಗೆ ನೋಡಿಕೊಂಡರು ಆ ಟೇಪನ್ನು.

ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಹೊಸನಗರದಲ್ಲಿ ನಾಲ್ಕು ಮೀಟರು ಹನ್ನೆರಡು ಹಾರಿ ಮೊದಲು ಬಂದೆ. ಅಲ್ಲಿ ಅಳತೆ ಮಾಡಿದ್ದು ನಮ್ಮ ಮೇಷ್ಟ್ರೇ. ಆಮೇಲೆ ಸಾಗರದಲ್ಲಿ ಮೂರು ತಾಲ್ಲೂಕಿನ ಕೂಟ ಆಗಬೇಕಿತ್ತು, ಅದರಲ್ಲಿ ಗೆದ್ದವಳು ಜಿಲ್ಲೆಗೆ. ಆ ವರ್ಷ ಮಳೆ ಹೊಳವಾಗಲೇ ಇಲ್ಲ. ಮೈದಾನವೆಲ್ಲ ನೀರು. ಕೂಟ ನಿಂತಿತು. ಮೂರು ತಾಲ್ಲೂಕಿನ ಅಂಕಿ ತರಿಸಿ, ಯಾರದ್ದು ಜಾಸ್ತಿಯೋ ಅವಳನ್ನೇ ಕಳಿಸುವುದು ಅಂತಾಯಿತು. ತೀರ್ಥಹಳ್ಳಿಯ ಹುಡುಗಿಯದು ನಾಲ್ಕು ಮೀಟರು ಹದಿನಾಲ್ಕು. ಅಲ್ಲಿ ಅಳೆದವರು ಬೇರೆ, ಟೇಪು ಬೇರೆ. ಎರಡು ಸೆಂಟಿಮೀಟರಿಗೆ ಅವಳು ಹೋದಳು, ನಾನು ಉಳಿದೆ. ಜಿಲ್ಲೆಗೆ ಹೋದವಳಿಗೆ ಮುಂದೆ ಓದಲಿಕ್ಕೆ ಹಾಸ್ಟೆಲ್ಲು ಸಿಕ್ಕಿತಂತೆ ಅಂತ ಸುದ್ದಿ ಬಂತು. ನನ್ನಪ್ಪ ನನ್ನನ್ನು ಏಳಕ್ಕೇ ಶಾಲೆ ಬಿಡಿಸಿದ.

ಮದುವೆಯಾಗಿ ರಿಪ್ಪನ್‌ಪೇಟೆ ಕಡೆ ಬಂದೆ. ಐವತ್ತು ವರ್ಷ ಮೇಷ್ಟ್ರನ್ನು ನೋಡಲಿಲ್ಲ. ಚೈತ್ರ ಹುಟ್ಟಿ, ನಡೆಯುವುದಕ್ಕಿಂತ ಮೊದಲು ಜಗಲಿಯಿಂದ ಹಾರುವುದನ್ನು ಕಲಿತಳು. ನೋಡಿ ನನಗೆ ತಡೆಯಲಿಕ್ಕಾಗಲಿಲ್ಲ. ಅಂಗಳದಲ್ಲಿ ಗೆರೆ ಎಳೆದು, ಹೆಜ್ಜೆ ಎಣಿಸಿ, ಎಲೆ ಇಡುವುದನ್ನು ಹೇಳಿಕೊಟ್ಟೆ.

ಹೋದ ವರ್ಷ ಹೋಬಳಿ ಮಟ್ಟದ ಆಟದಲ್ಲಿ ಚೈತ್ರ ಎಲೆ ಇಟ್ಟು ಕಲ್ಲಿಡುತ್ತಿದ್ದಳಂತೆ. ಮರಳುಗುಂಡಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಒಬ್ಬ ಮುದುಕರು ಎದ್ದು ಬಂದು ಕೇಳಿದರಂತೆ.

"ಮಗಾ, ಇದು ಯಾರು ಹೇಳಿಕೊಟ್ಟಿದ್ದು?"

"ನಮ್ಮಜ್ಜಿ."

"ನಿಮ್ಮಜ್ಜಿ ಹೆಸರೆಂತ?"

"ಸುಶೀಲಮ್ಮ."

"ತವರುಮನೆ ಯಾವೂರು?"

ಅದು ಇವಳಿಗೆ ಗೊತ್ತಿರಲಿಲ್ಲ. ಓಡಿಬಂದು ಅವಳಪ್ಪನನ್ನು ಕೇಳಿ ಹೋಗಿ ಹೇಳಿದಳಂತೆ. ಆ ಮುದುಕರು ಅಲ್ಲೇ ನಿಂತು ಕಣ್ಣೊರೆಸಿಕೊಂಡರು ಅಂತ ಮಗ ಬಂದು ಹೇಳಿದ. ಯಾರೆಂದು ನನಗೆ ತಕ್ಷಣ ಗೊತ್ತಾಯಿತು, ಯಾಕೆ ಅತ್ತರು ಅಂತ ಮಾತ್ರ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಬೆಳಗಿನ ಬಸ್ಸಿಗೇ ಬಂದರು. ಚಡ್ಡಿ ಹೋಗಿ ಪಂಚೆಯಾಗಿತ್ತು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಬಗಲಲ್ಲಿ ಅದೇ ಪ್ಲಾಸ್ಟಿಕ್ ಸುತ್ತಿದ ಪುಸ್ತಕ. ಸೊಸೆ ಕಾಫಿ ತಂದಿಟ್ಟಳು. "ಇರಲಿ ತಾಯಿ, ಮೊದಲು ಕೆಲಸ" ಅಂದು ಚೀಲದಿಂದ ಎರಡು ಟೇಪು ತೆಗೆದರು. ಒಂದು ಕಬ್ಬಿಣದ್ದು, ಹೊಸದು. ಇನ್ನೊಂದು ಆ ಬಟ್ಟೆಯದು. ಎರಡನ್ನೂ ಜಗಲಿಯ ಮೇಲೆ ಪಕ್ಕಪಕ್ಕ ಹಾಸಿ, ಒಂದು ತುದಿಯನ್ನು ಮಗನಿಗೆ ಹಿಡಿಸಿದರು.

"ಸುಶೀಲಾ, ನಾಲ್ಕು ಮೀಟರಿನ ಗೀಟು ನೋಡು. ಎಂತ ಕಾಣ್ತದೆ?"

"ಬಟ್ಟೆ ಟೇಪಿಂದು ಮುಂದೆ ಹೋಗಿದೆ ಸಾರ್."

"ಎಷ್ಟು?"

"ಮೂರು ಬೆರಳು."

"ಹ್ಞಾಂ. ಆ ಮೂರು ಬೆರಳು ನಿಂದು. ನಾನು ನುಂಗಿದ್ದು."

ಆಮೇಲೆ ಹೇಳಿದರು. ರಿಟೈರಾದ ಮೇಲೆ ಮನೆಗೊಂದು ಕೊಟ್ಟಿಗೆ ಕಟ್ಟಿಸಲಿಕ್ಕೆ ಕಬ್ಬಿಣದ ಟೇಪು ತಂದಿದ್ದರಂತೆ. ಸುಮ್ಮನೆ ನೋಡುವ ಅಂತ ಹಳೆಯದರ ಪಕ್ಕ ಇಟ್ಟರಂತೆ. ಬಟ್ಟೆ ಟೇಪು ಹಿಗ್ಗಿತ್ತು. ಹಿಗ್ಗಿದ ಟೇಪಿನಲ್ಲಿ ಅಳೆದರೆ ಹಾರಿದ್ದಕ್ಕಿಂತ ಕಮ್ಮಿ ತೋರಿಸುತ್ತದೆ. "ಸುರುಟಬಾರದು ಅಂತ ಕಲ್ಲು ಕಟ್ಟಿದೆ ನೋಡು. ವರ್ಷ ವರ್ಷ ಆ ಕಲ್ಲು ಎಳೀತಾ ಹೋಯ್ತು. ನಾನೇ ಕಟ್ಟಿದ ಕಲ್ಲು!"

ಅವತ್ತಿನಿಂದ ಅವರಿಗೆ ಅದೇ ಕೆಲಸ. ಆ ಟೇಪಿನಲ್ಲಿ ಅಳೆದ ಒಬ್ಬೊಬ್ಬರನ್ನೂ ಹುಡುಕಿ, ಮನೆಗೆ ಹೋಗಿ, ನಿನ್ನ ಹಾರು ಕಮ್ಮಿ ಬರೆದಿದ್ದೇನೆ ಅಂತ ಹೇಳಿ, ಪುಸ್ತಕದಲ್ಲಿ ಅವರ ಹೆಸರಿನ ಪಕ್ಕ ಸಹಿ ಹಾಕಿಸಿಕೊಳ್ಳುವುದು. ಮೇಗರವಳ್ಳಿಗೆ ಒಬ್ಬನಿಗೋಸ್ಕರ ಮೂರು ಸಲ ಹೋಗಿದ್ದರಂತೆ. ಕೆಲವರು ನಕ್ಕರು, ಕೆಲವರಿಗೆ ತಾವು ಹಾರಿದ್ದೇ ನೆನಪಿರಲಿಲ್ಲ.

"ಗಂಡುಮಕ್ಕಳು ಎಲ್ಲರೂ ಸಿಕ್ಕಿದ್ರು. ಹೆಣ್ಣುಮಕ್ಕಳೇ ಸಿಕ್ಕೋದಿಲ್ಲ ನೋಡು. ಮದುವೆ ಮಾಡಿ ಕಳಿಸಿದ ಕೂಡ್ಲೇ ಹೆಸರಿನ ಜೊತೆಗಿದ್ದ ಊರು ಹೋಗ್ತದೆ. ಕೆಲವರದ್ದು ಹೆಸರೂ ಹೋಗ್ತದೆ. ನಿನ್ನ ತವರಿಗೆ ಹೋಗಿದ್ದೆ, ನಿನ್ನಣ್ಣಂದಿರು ಜಮೀನು ಮಾರಿ ಎಲ್ಲಿಗೋ ಹೋಗಿದಾರೆ ಅಂದ್ರು. ಹುಡುಕಬೇಕಾದವರಲ್ಲಿ ನೀನೇ ಕೊನೆಯವಳು. ನಿಂದೇ ಎಲ್ಲರಿಗಿಂತ ದೊಡ್ಡದು. ಬೇರೆಯವರಿಗೆ ಬರೀ ಅಂಕಿ ಕಮ್ಮಿಯಾಯ್ತು. ನಿಂಗೆ ಜಿಲ್ಲೆ ತಪ್ತು, ಶಾಲೆ ತಪ್ತು."

ನನ್ನ ಮಗನಿಗೆ ಗ್ಯಾರೇಜಿನ ಬುದ್ಧಿ, ಎಲ್ಲವನ್ನೂ ಅಲ್ಲಲ್ಲೇ ಸರಿ ಮಾಡಿಬಿಡಬೇಕು. "ಅದಕ್ಕೆಂತ ಸಾರ್, ಹನ್ನೆರಡು ಹೊಡೆದು ಹದಿನೇಳು ಅಂತ ಬರೀರಿ. ಯಾರು ಬಂದು ಕೇಳ್ತಾರೆ?"

"ಯಾವ ವರ್ಷ ಎಷ್ಟು ಹಿಗ್ಗಿತ್ತು ಅಂತ ನಂಗೆ ಗೊತ್ತಿಲ್ಲಪ್ಪ. ಅಳೀದೇ ಇದ್ದದ್ದನ್ನ ಹ್ಯಾಗೆ ಬರೀಲಿ?"

"ಬರೀದೇ ಇರೋದಾದ್ರೆ ಇಷ್ಟು ದೂರ ಎಂತಕ್ಕೆ ಬಂದ್ರಿ?"

"ಹೇಳಕ್ಕೆ" ಅಂದರು. ಅಷ್ಟೇ. ಎದ್ದು ನಿಂತು ಎರಡೂ ಕೈ ಜೋಡಿಸಲಿಕ್ಕೆ ಹೊರಟರು, ನನಗೆ! ನನ್ನ ಮೇಷ್ಟ್ರು!

ನಾನು ಹೋಗಿ ಆ ಕೈ ಹಿಡಿದುಕೊಂಡೆ. "ಚೈತ್ರಾ, ಒಂದು ಚೊಂಬು ನೀರು ತಗೊಂಬಾ" ಅಂತ ಅವಳನ್ನು ಒಳಗೆ ಕಳಿಸಿದೆ. ಅವಳು ಹೋದದ್ದನ್ನು ನೋಡಿಕೊಂಡು ಹೇಳಿದೆ. ಐವತ್ತು ವರ್ಷ ಯಾರಿಗೂ ಹೇಳದ್ದು, ತೀರಿಕೊಂಡ ನನ್ನ ಯಜಮಾನರಿಗೂ ಹೇಳದೇ ಉಳಿಸಿಕೊಂಡದ್ದು.

"ಸಾರ್, ಆ ಹಾರು ಫೌಲು."

ಅವರಿಗೆ ತಿಳಿಯಲಿಲ್ಲ.

"ಹಲಗೆಗೆ ಬಳಿದ ಸುಣ್ಣ ಮಳೆಗೆ ತೊಳೆದುಹೋಗಿತ್ತಲ್ಲ. ನನ್ನ ಹೆಬ್ಬೆರಳು ಹಲಗೆ ದಾಟಿ ಕೆಸರಲ್ಲಿ ಮೂಡಿತ್ತು. ಅಂಕಿ ಓದಕ್ಕೆ ಅಂತ ನೀವು ನನ್ನನ್ನ ಹಲಗೆ ಹತ್ರ ಕರೆದ್ರಿ. ಬಂದು ಆ ಗುರುತಿನ ಮೇಲೇ ನಿಂತೆ. ಓದ್ತಾ ಓದ್ತಾ ಹಿಮ್ಮಡೀಲಿ ಉಜ್ಜಿಬಿಟ್ಟೆ."

ಮಗ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದ. ಮೇಷ್ಟ್ರ ಭುಜ ಅಲುಗಲಿಕ್ಕೆ ಶುರುವಾಯಿತು. ಅಳುತ್ತಾರೆ ಅಂದುಕೊಂಡೆ. ನೋಡಿದರೆ ನಗು! ಶಾಲೆಯಲ್ಲಿ ಒಂದು ದಿನವೂ ಹಲ್ಲು ಬಿಡದ ಮನುಷ್ಯ, ಈಗ ಇದ್ದ ನಾಲ್ಕು ಹಲ್ಲೂ ಕಾಣುವ ಹಾಗೆ ನಗುತ್ತಿದ್ದಾರೆ.

"ನನ್ನ ಟೇಪೂ ಕಳ್ಳ, ನಿನ್ನ ಕಾಲೂ ಕಳ್ಳ! ಎಂಥ ಜೋಡಿ ಮಾರಾಯ್ತಿ!"

ನಗು ನಿಂತ ಮೇಲೆ ಪುಸ್ತಕ ಬಿಚ್ಚಿದರು. ನಾನು ಗಾಬರಿಯಾಗಿ, "ಸಾರ್, ಇದನ್ನ ಬರೀಬೇಡಿ. ಮೊಮ್ಮಗಳು ದೊಡ್ಡವಳಾಗಿ ಓದಿದ್ರೆ ಎಂತ ಅಂದ್ಕೊಳ್ತಾಳೆ?" ಅಂದೆ.

"ಬರೀಬಾರ್ದು ಅಂತಿದ್ರೆ ನನ್ನ ಹತ್ರ ಹೇಳಬಾರ್ದಿತ್ತು."

ಟೇಪು ಹಿಗ್ಗಿತ್ತು ಅಂತ ಅವರು ಬರೆದರು. ಆಮೇಲೆ ಪೆನ್ನನ್ನು ನನ್ನ ಕಡೆ ನೂಕಿದರು. "ನಾನು ಕಂಡಿದ್ದು ನಾನು ಬರ್ದಿದೀನಿ. ನೀನು ಕಂಡಿದ್ದು ನೀನು ಬರಿ. ನಾನು ನೋಡ್ಲಿಲ್ಲ, ನಾನು ಹ್ಯಾಗೆ ಬರೀಲಿ?" ಕೈ ಓಡಲೇ ಇಲ್ಲ ನನಗೆ. ಕಡೆಗೆ ಬರೆದೆ: ನನ್ನ ಕಾಲು ಹಲಗೆ ದಾಟಿತ್ತು, ಹೆಬ್ಬೆರಳಿನ ಉಗುರಷ್ಟು. ಗುರುತು ನಾನೇ ಅಳಿಸಿದೆ. ಕೆಳಗೆ ಇಬ್ಬರ ಸಹಿ. ನಾಲ್ಕು ಮೀಟರು ಹನ್ನೆರಡು ಹಾಗೇ ಉಳಿಯಿತು, ಅದನ್ನು ಯಾರೂ ಹೊಡೆಯಲಿಲ್ಲ.

ಆರಿಹೋದ ಕಾಫಿಯನ್ನು ಗಟಗಟ ಕುಡಿದು, ಸೊಸೆಯ ಹತ್ತಿರ ಇನ್ನೊಂದು ಲೋಟ ಕೇಳಿ ಕುಡಿದರು. ಬಸ್ಸು ಹತ್ತುವಾಗ ಬೆನ್ನು ನೆಟ್ಟಗಾಗಿತ್ತು ಅಂತ ನನಗೆ ಕಂಡಿತು. ಕಿಟಕಿಯಿಂದ ಕೈ ಬೀಸಿ, "ಹುಡುಗಿ ಓಟದಲ್ಲಿ ಹೆಜ್ಜೆ ಒಂದು ಕಮ್ಮಿ ಮಾಡ್ಲಿ" ಅಂದರು. ಅದೇ ಕೊನೆ. ಅವರು ಹೋದ ಸುದ್ದಿ ನನಗೆ ತಲುಪಿದಾಗ ಹನ್ನೊಂದು ದಿನ ಕಳೆದಿತ್ತು.

ಅವರ ಮಗಳು ಪುಸ್ತಕಗಳನ್ನೆಲ್ಲ ಸಾಗರದ ಒಂದು ಕಾಲೇಜಿಗೆ ಕೊಟ್ಟಳು. ಅಲ್ಲೊಬ್ಬರು ಆಟದ ಮೇಡಂ, ಚಿಕ್ಕ ವಯಸ್ಸಿನವರು, ಒಂದೊಂದು ಪುಟವನ್ನೂ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದ್ದಾರೆ. ಹಳೇ ಆಟಗಾರರ ಮಕ್ಕಳು ಬಂದು ಅಪ್ಪನ ಹೆಸರು ಹುಡುಕಿ ನೋಡಿಕೊಂಡು ಹೋಗುತ್ತಾರಂತೆ. ಈ ವರ್ಷ ತೀರ್ಥಹಳ್ಳಿಯಲ್ಲಿ ಮೂರು ತಾಲ್ಲೂಕಿನ ಕೂಟ ಇಟ್ಟಾಗ, ಮೇಷ್ಟ್ರ ನೆನಪಿಗೆ ಅಂತ ಪ್ರತಿ ಆಟಕ್ಕೂ ಮುಂಚೆ ಆ ಪುಸ್ತಕದ ಒಂದೊಂದು ಹಳೇ ಪುಟ ಮೈಕಿನಲ್ಲಿ ಓದುವುದು ಅಂತ ಮಾಡಿದ್ದರು. ಓದುವವರು ಆ ಮೇಡಂ. ನನಗೆ ಇದ್ಯಾವುದೂ ಗೊತ್ತಿಲ್ಲ. ಮೊಮ್ಮಗಳ ಹಾರು ನೋಡಲಿಕ್ಕೆ ಛತ್ರಿ ಹಿಡಿದು ಹೋಗಿ ಕಟ್ಟೆಯ ಮೇಲೆ ಕೂತಿದ್ದೇನೆ.

ಹುಡುಗಿಯರ ಉದ್ದ ಜಿಗಿತ ಅಂತ ಕೂಗಿದರು. ಚೈತ್ರ ಸಾಲಿನಲ್ಲಿ ನಿಂತಳು. ಮೈಕಿನಲ್ಲಿ ಮೇಡಂ ಓದಲಿಕ್ಕೆ ಶುರು ಮಾಡಿದರು. "ಕುಮಾರಿ ಸುಶೀಲ. ನಾಲ್ಕು ಮೀಟರು ಹನ್ನೆರಡು." ನನ್ನ ತವರಿನ ಹೆಸರೂ ಬಂತು. ಅವರು ನಿಲ್ಲಿಸಲಿಲ್ಲ. ಟೇಪು ಹಿಗ್ಗಿದ್ದು ಓದಿದರು. ಆಮೇಲೆ, "ಇದರ ಕೆಳಗೆ ಹಾರಿದವರೇ ತಮ್ಮ ಕೈಯಲ್ಲಿ ಬರೆದಿದ್ದಾರೆ" ಅಂದು ಅದನ್ನೂ ಓದಿಬಿಟ್ಟರು. ಮೈದಾನಕ್ಕೆ ಮೈದಾನವೇ ಗೊಳ್ಳೆಂದು ನಕ್ಕಿತು. ಚೈತ್ರ ನಗಲಿಲ್ಲ. ಸಾಲಿನಲ್ಲಿ ನಿಂತಲ್ಲಿಂದ ಕತ್ತು ತಿರುಗಿಸಿ ನನ್ನನ್ನೇ ನೋಡುತ್ತಿದ್ದಾಳೆ. ಅವಳಿಗೆ ಗೊತ್ತಾಗಿದೆ.

"ಈ ಸುಶೀಲ ಅನ್ನೋರು ಈಗ ಎಲ್ಲಿದಾರೆ, ಯಾರಿಗಾದ್ರೂ ಗೊತ್ತಾ?" ಅಂತ ಮೇಡಂ ಕೇಳಿದರು.

ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಅಲ್ಲಿ ನನ್ನ ಗುರುತಿನವರು ಯಾರೂ ಇರಲಿಲ್ಲ, ಚೈತ್ರ ಒಬ್ಬಳನ್ನು ಬಿಟ್ಟು. ಛತ್ರಿ ಮಡಚಿ ಎದ್ದು ನಿಂತೆ. "ನಾನೇ ಕಣಮ್ಮಾ" ಅಂದೆ. ಕೇಳಿಸಿತೋ ಇಲ್ಲವೋ ಅಂತ ಕೈಯನ್ನೂ ಎತ್ತಿದೆ.

ಆ ಚಪ್ಪಾಳೆ! ಎಲ್ಲರಿಗಿಂತ ಮೊದಲು ಹೊಡೆದವಳು ನಮ್ಮ ಚೈತ್ರ. "ಅಜ್ಜೀ, ಕಳ್ಳೀ!" ಅಂತ ಅಲ್ಲಿಂದಲೇ ಕೂಗಿದಳು, ಬಾಯಿ ಕಿವಿಯವರೆಗೆ. ಆಮೇಲೆ ಓಡಿಬಂದು ಹಾರಿದಳು ನೋಡಿ. ಹಲಗೆಗಿಂತ ಒಂದು ಗೇಣು ಹಿಂದೆಯೇ ಕಾಲೂರಿ ನಾಲ್ಕು ಮೀಟರು ನಲವತ್ತಾರು!

ಎಲ್ಲ ಮುಗಿದ ಮೇಲೆ ಮೇಡಂ ನನ್ನನ್ನು ಹುಡುಕಿಕೊಂಡು ಬಂದು ಕೈ ಹಿಡಿದರು. ಫೋನಿನಲ್ಲಿ ಆ ಪುಟದ ಫೋಟೋ ತೋರಿಸಿದರು, ಮೇಷ್ಟ್ರ ಅಕ್ಷರದ ಕೆಳಗೆ ನನ್ನ ಸೊಟ್ಟ ಅಕ್ಷರ. "ಅಜ್ಜಿ, ನಿಜ ಹೇಳಿ, ಉಗುರಷ್ಟೇನಾ ದಾಟಿದ್ದು?" ಅಂತ ನಗುತ್ತಾ ಕೇಳಿದರು.

ನಾನು ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದೆ. ಬಗ್ಗಿ, ಹೆಬ್ಬೆರಳಿನ ಬುಡ ಮುಟ್ಟಿ ತೋರಿಸಿದೆ.

"ಪೂರ್ತಿ ಬೆರಳಮ್ಮ. ಮೇಷ್ಟ್ರ ಎದುರಿಗೆ ಅಷ್ಟು ಹೇಳಕ್ಕೆ ಧೈರ್ಯ ಬರ್ಲಿಲ್ಲ. ನೀವು ಬರ್ಕೊಳಿ."